ವಕ್ತೃ ಸಂಶೋಧಕನಾಗುವ ಬಗೆ: ಬುಡಕಟ್ಟು ಸಮುದಾಯಗಳಲ್ಲಿ ಸಂಶೋಧನಶಕ್ತಿ ಮತ್ತು ನಾಯಕತ್ವ

1. ವಕ್ತೃವಿನ ಸ್ಥಾನ

ಕನ್ನಡ ಜಾನಪದವನ್ನು ಕುರಿತ ಮಹಾಪ್ರಬಂಧಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ‘ವಕ್ತೃಗಳ ವಿವರ’ ಎಂಬ ಅನುಬಂಧ ಚಿರಪರಿಚಿತವಾದುದು. ಹೆಸರು, ವಯಸ್ಸು, ಜಾತಿ, ಊರು, ಕಸುಬು, ಅಕ್ಷರಸ್ಥರೋ ಅನಕ್ಷರಸ್ಥರೋ ಎಂಬ ಟಿಪ್ಪಣಿ, ಇಷ್ಟರಲ್ಲಿ ಒಬ್ಬ ಹಾಡುಗಾರ್ತಿಯ ಅಥವಾ ಕಥನಕಾರನ ಪರಿಚಯ ಮುಗಿಯುತ್ತದೆ. ಪ್ರಬಂಧದ ನೂರಾರು ಪುಟಗಳಿಗೆ ಆಧಾರವಾದ ಪಠ್ಯ ಅವರದು. ಆದರೆ ಆ ಪಠ್ಯವನ್ನು ಕುರಿತು ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಮುಖ್ಯವೆಂದು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯ ಸಂಶೋಧಕರದು. ಈ ಏರ್ಪಾಡು ದುರುದ್ದೇಶದಿಂದ ಹುಟ್ಟಿದುದಲ್ಲ. ಊರೂರು ಸುತ್ತಿ ಮೌಖಿಕ ಕಾವ್ಯಗಳನ್ನು ಬರೆದುಕೊಂಡ ಹಿರಿಯ ಸಂಗ್ರಾಹಕರ ಶ್ರಮವಿಲ್ಲದಿದ್ದರೆ ಇಂದು ನಮ್ಮ ಕೈಯಲ್ಲಿರುವ ಎಷ್ಟೋ ಕಾವ್ಯಗಳು ಅಚ್ಚಿನಲ್ಲಿ ಉಳಿಯುತ್ತಿರಲಿಲ್ಲ. ಆದರೂ ಹೇಳುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ ಎಂಬ ವಿಭಜನೆ ಹೀಗೆಯೇ ಮುಂದುವರಿಯಬೇಕೆ ಎಂಬ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವಂತಿಲ್ಲ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಿಗೆ ಈ ಪ್ರಶ್ನೆ ಹೊಸದಲ್ಲ. 12ನೆಯ ಶತಮಾನದ ಶರಣರ ವಚನಗಳು 15ನೆಯ ಶತಮಾನದಲ್ಲಿ ಶೂನ್ಯಸಂಪಾದನೆಯ ರೂಪದಲ್ಲಿ ಸಂವಾದಗಳಾಗಿ ಜೋಡಣೆಗೊಂಡವು. ಅಲ್ಲಿಯ ಮಾತುಗಳು ಶರಣರವೇ. ಆದರೆ ಯಾವ ವಚನ ಯಾವ ಪ್ರಶ್ನೆಗೆ ಉತ್ತರವಾಗಿ ನಿಲ್ಲಬೇಕು ಎಂಬುದನ್ನು ನಿರ್ಧರಿಸಿದವರು ಸಂಕಲನಕಾರರು. ಒಂದೇ ವಚನ ಬೇರೆ ಪ್ರಶ್ನೆಯ ಎದುರಿಗೆ ನಿಂತಾಗ ಬೇರೆ ಅರ್ಥವನ್ನು ಕೊಡುತ್ತದೆ. ಪಠ್ಯವನ್ನು ಕೊಟ್ಟವರಿಗಿಂತ ಪ್ರಶ್ನೆಯನ್ನು ಇಟ್ಟವರಿಗೆ ಅರ್ಥದ ಮೇಲೆ ಹೆಚ್ಚಿನ ಅಧಿಕಾರ ದೊರೆಯುತ್ತದೆ ಎಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ಇರುವ ನಿದರ್ಶನವಿದು.

ಇಂದು ಬುಡಕಟ್ಟು ಸಮುದಾಯಗಳ ‘ಸಾಮರ್ಥ್ಯವರ್ಧನೆ’ ಎಂಬ ಮಾತು ವಿಶ್ವವಿದ್ಯಾಲಯಗಳಲ್ಲಿಯೂ ಸರಕಾರದ ಕಡತಗಳಲ್ಲಿಯೂ ಸಲೀಸಾಗಿ ಬಳಕೆಯಾಗುತ್ತಿದೆ. ಸಮುದಾಯದ ಕೆಲವು ಯುವಕರಿಗೆ ಪ್ರಶ್ನಾವಳಿ ತುಂಬಿಸುವುದನ್ನು, ಧ್ವನಿಮುದ್ರಣ ಮಾಡುವುದನ್ನು ಕಲಿಸಿದರೆ ಈ ಕಾರ್ಯ ನೆರವೇರಿತೆಂದು ಭಾವಿಸುವುದುಂಟು. ಇದರಿಂದ ಹೊರಗಿನವರ ಸಂಶೋಧನೆಗೆ ಒಳಗಿನ ಸಹಾಯಕರು ದೊರೆಯುತ್ತಾರೆಯೇ ಹೊರತು ಸಂಶೋಧಕರು ಹುಟ್ಟುವುದಿಲ್ಲ. ಪ್ರಶ್ನೆಯನ್ನು ಇಡುವ ಅಧಿಕಾರ, ದಾಖಲೆಯನ್ನು ಕಾಯ್ದುಕೊಳ್ಳುವ ಅಧಿಕಾರ, ಫಲಿತಾಂಶದ ಮೇಲೆ ನಿರ್ಧಾರ ಕೈಗೊಳ್ಳುವ ಅಧಿಕಾರ ಈ ಮೂರೂ ಸಮುದಾಯದ ಕೈಗೆ ಬಂದಾಗ ಮಾತ್ರ ಕೌಶಲ ನಾಯಕತ್ವವಾಗಿ ಮಾರ್ಪಡುತ್ತದೆ ಎಂಬುದನ್ನು ಕೆಲವು ನೈಜ ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಮುಖ್ಯ ನಿದರ್ಶನ ಬಿಳಿಗಿರಿರಂಗನ ಬೆಟ್ಟದ ಸೋಲಿಗರದು. ಅದಕ್ಕೆ ಪೂರಕವಾಗಿ ಮಹಾರಾಷ್ಟ್ರದ ಗೊಂಡರ ಒಂದು ಹಳ್ಳಿಯನ್ನೂ ನ್ಯೂಜಿಲೆಂಡಿನ ಮಾವೋರಿ ಜನರ ಪ್ರಯತ್ನವನ್ನೂ ಪರಿಶೀಲಿಸುತ್ತೇವೆ.

2. ಪಾತ್ರ, ವಕ್ತೃ, ಫಲಾನುಭವಿ

ಕನ್ನಡದ ಓದುಗರಿಗೆ ಸೋಲಿಗರು ಮೊದಲು ಎದುರಾಗುವುದು ಕಾವ್ಯದ ಪಾತ್ರಗಳಾಗಿ. ದೇವರಗುಡ್ಡರು ಹಾಡುವ ಮಲೆಯ ಮಾದೇಶ್ವರ ಕಾವ್ಯದಲ್ಲಿ ಬರುವ ನೀಲೇಗೌಡ ಮತ್ತು ಸಂಕಮ್ಮ ಸೋಲಿಗರು. ಬಿಳಿಗಿರಿರಂಗಸ್ವಾಮಿ ಸೋಲಿಗರ ಹೆಣ್ಣನ್ನು ವರಿಸಿದನೆಂಬ ಐತಿಹ್ಯದ ಫಲವಾಗಿ ಆ ದೈವವನ್ನು ಅವರು ‘ಭಾವ’ ಎಂದು ಕರೆಯುವುದೂ ಪ್ರಸಿದ್ಧವಾದ ಸಂಗತಿ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅವರು ವರ್ಣನೆಯ ವಸ್ತುವಾದರು. ಅನಂತರದ ಜಾನಪದ ಸಂಗ್ರಹಗಳಲ್ಲಿ ವಕ್ತೃಗಳಾದರು. ಸ್ವಾತಂತ್ರ್ಯಾನಂತರದ ಅಭಿವೃದ್ಧಿ ಯೋಜನೆಗಳಲ್ಲಿ ಫಲಾನುಭವಿಗಳಾದರು. ಈ ಎಲ್ಲ ಸ್ಥಾನಗಳಿಗೂ ಸಮಾನವಾದ ಒಂದು ಲಕ್ಷಣವಿದೆ: ಅವರನ್ನು ಕುರಿತು ಬರೆಯುವವರು ಬೇರೆಯವರು.

ಬರೆಹದಲ್ಲಿ ನಡೆದ ಈ ಕ್ರಮಕ್ಕೆ ನೆಲದ ಮೇಲೆಯೂ ಪರಿಣಾಮಗಳಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು ಅಭಯಾರಣ್ಯವಾಯಿತು. ಬೇಟೆಯೂ ಸ್ಥಳಾಂತರ ಬೇಸಾಯವೂ ನಿಂತು, ಕಾಡಿನೊಳಗೆ ಚದುರಿ ಬಾಳುತ್ತಿದ್ದ ಕುಟುಂಬಗಳು ಗೊತ್ತುಪಡಿಸಿದ ಪೋಡುಗಳಲ್ಲಿ ನೆಲಸಬೇಕಾಯಿತು. ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಕಲ್ಲುಹೂವು ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಒಪ್ಪಿಸುವುದು ಅವರ ನಗದು ಆದಾಯದ ಪ್ರಮುಖ ಮೂಲವಾಯಿತು. ವನ್ಯಜೀವಿ ಕಾಯಿದೆಗೆ ತಂದ ತಿದ್ದುಪಡಿಯ ಅನ್ವಯ 2006ರಲ್ಲಿ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ನಡೆಯುತ್ತಿದ್ದ ಈ ಸಂಗ್ರಹವನ್ನೂ ನಿಷೇಧಿಸಲಾಯಿತು. ಕಾಡು ಹೇಗಿದೆ, ಅದಕ್ಕೆ ಯಾರಿಂದ ಹಾನಿ, ಎಷ್ಟು ಕಾಯಿ ಕೊಯ್ದರೆ ಮರ ಉಳಿಯುತ್ತದೆ ಎಂಬ ವಿಷಯಗಳಲ್ಲಿ ಅಧಿಕೃತವಾದ ಬರೆಹದ ದಾಖಲೆ ಯಾರ ಬಳಿ ಇದೆಯೋ ಅವರ ಮಾತು ನಡೆಯುತ್ತದೆ ಎಂಬುದು ಸೋಲಿಗರ ಪಾಲಿಗೆ ಕೇವಲ ಜ್ಞಾನಮೀಮಾಂಸೆಯ ವಿಷಯವಾಗಿರಲಿಲ್ಲ. ಅದು ಅನ್ನದ ಪ್ರಶ್ನೆಯಾಗಿತ್ತು.

3. ಅಳತೆಯಿಂದ ಪ್ರಶ್ನೆಗೆ

1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಮತ್ತು ಆರೋಗ್ಯ ಸೇವೆಗಳಿಂದ ಸೋಲಿಗರಲ್ಲಿ ಅಕ್ಷರ ಬಲ್ಲ ಒಂದು ತಲೆಮಾರು ಬೆಳೆಯಿತು. 1990ರ ದಶಕದಿಂದ ಆ ಕೇಂದ್ರವೂ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನ ಸಂಸ್ಥೆಯೂ ಕೂಡಿ ನಡೆಸಿದ ನೆಲ್ಲಿಕಾಯಿಯ ಅಧ್ಯಯನದಲ್ಲಿ ಕೊಯ್ಲಿನವರೇ ಮರಗಳ ಫಸಲನ್ನು ಅಂದಾಜು ಮಾಡುವ, ಕೊಯ್ದದ್ದೆಷ್ಟು ಬಿಟ್ಟದ್ದೆಷ್ಟು ಎಂಬುದನ್ನು ಲೆಕ್ಕವಿಡುವ ಕ್ರಮ ಬಳಕೆಗೆ ಬಂದಿತು. ಇದು ಮೊದಲನೆಯ ಹಂತ. ಇಲ್ಲಿ ಸಮುದಾಯದ ಕೈಗೆ ಬಂದುದು ಅಳತೆಯ ಕೌಶಲ. ಏನನ್ನು ಅಳೆಯಬೇಕೆಂಬುದು ಬಹುಮಟ್ಟಿಗೆ ಹೊರಗಿನಿಂದಲೇ ಬಂದಿತ್ತು.

ಎರಡನೆಯ ಹಂತ ಒಂದು ಭಿನ್ನಾಭಿಪ್ರಾಯದಿಂದ ಆರಂಭವಾಯಿತೆಂಬುದು ಗಮನಾರ್ಹ. ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿ ಕೊಂಬೆಗಳು ಸೊರಗುತ್ತಿದ್ದವು. ಕಾಡಿನ ಬೆಂಕಿಯಿಂದ ಎಳೆಯ ಸಸಿಗಳು ನಾಶವಾಗುತ್ತವೆ, ಆದುದರಿಂದ ಬೆಂಕಿ ಹಾನಿಕರ ಎಂಬುದು ಅರಣ್ಯ ವಿಜ್ಞಾನದಲ್ಲಿ ರೂಢವಾಗಿದ್ದ ತಿಳುವಳಿಕೆ. ಸೋಲಿಗರ ವಿವರಣೆ ಇದಕ್ಕೆ ವಿರುದ್ಧವಾಗಿತ್ತು. ಬೇಸಗೆ ಬಲಿಯುವ ಮೊದಲೇ ಉದುರಿದ ಎಲೆಗಳಿಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ ನೆಲಮಟ್ಟದಲ್ಲಿ ಹಗುರವಾಗಿ ಹರಿದುಹೋಗುತ್ತಿತ್ತು. ಅದು ನಿಂತ ಮೇಲೆ ಬಂದಳಿಕೆಯೂ ಹೆಚ್ಚಿತು, ಲಂಟಾನವೂ ಹಬ್ಬಿತು ಎಂದು ಹಿರಿಯರು ಹೇಳುತ್ತಿದ್ದರು. ಈ ಮಾತನ್ನು ಹಳೆಯ ಕಾಲದವರ ನಂಬಿಕೆಯೆಂದು ಬದಿಗಿಡದೆ ಪರೀಕ್ಷಿಸಬೇಕಾದ ಪ್ರಮೇಯವೆಂದು ಕೆಲವು ಪರಿಸರ ವಿಜ್ಞಾನಿಗಳು ಸ್ವೀಕರಿಸಿದರು. ಲಂಟಾನದ ವಿಸ್ತಾರವನ್ನು ಕುರಿತ ಅಧ್ಯಯನದಲ್ಲಿ 1997ರಲ್ಲಿ ಪರಿಶೀಲಿಸಿದ ಸ್ಥಳಗಳ ಪೈಕಿ ಶೇಕಡ 41ರಲ್ಲಿ ಕಂಡುಬಂದ ಈ ಗಿಡ 2008ರ ವೇಳೆಗೆ ಶೇಕಡ 81ರಷ್ಟು ಸ್ಥಳಗಳಿಗೆ ಹಬ್ಬಿದ್ದುದು ದಾಖಲಾಯಿತು. ಇದರಿಂದ ಸೋಲಿಗರ ವಿವರಣೆ ಪೂರ್ತಿಯಾಗಿ ಸಿದ್ಧಪಟ್ಟಿತೆಂದು ಹೇಳುವುದು ಅವಸರವಾದೀತು. ಬೆಂಕಿಗೂ ಲಂಟಾನಕ್ಕೂ ಇರುವ ಸಂಬಂಧ ಜಟಿಲವಾದುದು. ಆದರೆ ‘ಬೆಂಕಿಯಿಂದ ಕಾಡಿಗೆ ಎಷ್ಟು ಹಾನಿ’ ಎಂಬ ಪ್ರಶ್ನೆಯ ಜಾಗದಲ್ಲಿ ‘ಬೆಂಕಿ ನಿಂತುದರಿಂದ ಕಾಡಿಗೆ ಏನಾಯಿತು’ ಎಂಬ ಪ್ರಶ್ನೆ ಬಂದು ನಿಂತಿತು. ಉತ್ತರ ಯಾರದೇ ಆಗಲಿ, ಪ್ರಶ್ನೆ ಸೋಲಿಗರದು. ವಕ್ತೃ ಸಂಶೋಧಕನಾಗುವ ಕ್ಷಣವೆಂದರೆ ಇದೇ.

ಮೂರನೆಯ ಹಂತದಲ್ಲಿ ದಾಖಲೆಯ ಪ್ರಶ್ನೆ ಮುಂದೆ ಬಂದಿತು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು 2008ರ ಆರಂಭದಲ್ಲಿ ಜಾರಿಗೆ ಬಂದವು. ಹಕ್ಕಿನ ಕೋರಿಕೆಗೆ ಯಾವುದು ಸಾಕ್ಷ್ಯವಾಗಬಹುದೆಂಬುದನ್ನು 13ನೆಯ ನಿಯಮ ವಿವರಿಸುತ್ತದೆ. ಸರಕಾರಿ ದಾಖಲೆಗಳ ಜೊತೆಗೆ ಸ್ಮಶಾನಗಳು, ಪವಿತ್ರ ಸ್ಥಳಗಳು, ಬಾವಿಗಳಂಥ ಕುರುಹುಗಳನ್ನೂ, ಕೋರಿಕೆದಾರರಲ್ಲದ ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಯನ್ನೂ ಅದು ಸಾಕ್ಷ್ಯವಾಗಿ ಅಂಗೀಕರಿಸುತ್ತದೆ. ಮೌಖಿಕ ಪರಂಪರೆಯ ಅಭ್ಯಾಸಿಗಳು ಈ ನಿಯಮವನ್ನು ಇನ್ನೂ ಸಾಕಷ್ಟು ಗಮನಿಸಿದಂತಿಲ್ಲ. ಅಲ್ಲಿಯವರೆಗೆ ಜಾನಪದದ ಆಕರವೆನಿಸಿದ್ದ ಹಿರಿಯರ ಮಾತು ಇಲ್ಲಿ ಕಾನೂನಿನ ದೃಷ್ಟಿಯಲ್ಲಿ ಪುರಾವೆಯ ಸ್ಥಾನವನ್ನು ಪಡೆಯಿತು.

ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಜಿ.ಪಿ.ಎಸ್. ಯಂತ್ರ ಹಿಡಿದು ಕಾಡನ್ನು ಸುತ್ತಿ, ತಮ್ಮ ಕುಲಗಳಿಗೆ ಸೇರಿದ ‘ಎಲ್ಲೆ’ಗಳನ್ನೂ ಅವುಗಳೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ಸ್ಥಳಗಳನ್ನೂ ಗುರುತಿಸಿ ನಕ್ಷೆಯನ್ನು ಸಿದ್ಧಪಡಿಸಿದರು. ಹೊರಗಿನ ನಕ್ಷೆಗಳಲ್ಲಿ ಹೆಸರಿಲ್ಲದ ಹಸುರು ಹರಹಾಗಿದ್ದ ಪ್ರದೇಶ ಹೀಗೆ ಹೆಸರುಳ್ಳ ನೂರಾರು ತಾಣಗಳ ನೆಲವಾಗಿ ಕಾಣಿಸಿಕೊಂಡಿತು. 2011ರ ಜನವರಿಯಲ್ಲಿ ಈ ಪ್ರದೇಶವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷದ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕನ್ನು ಮಾನ್ಯ ಮಾಡಿದ ಆರಂಭದ ಪ್ರಮುಖ ನಿದರ್ಶನವಾಗಿ ಇದನ್ನು ಪರಿಗಣಿಸಲಾಗಿದೆ. ಸಂಘಟನೆಯ ಹೋರಾಟವಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ. ಆದರೆ ಹೋರಾಟದ ಕೈಯಲ್ಲಿ ತಾನೇ ಸಿದ್ಧಪಡಿಸಿದ ದಾಖಲೆಯೂ ಇದ್ದಿತು ಎಂಬುದು ನಮ್ಮ ಚರ್ಚೆಗೆ ಮುಖ್ಯ.

ಈ ಬೆಳವಣಿಗೆಯಲ್ಲಿ ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡರ ಪಾತ್ರ ಉಲ್ಲೇಖನೀಯ. ಸಮುದಾಯದ ಸಂಘಟನೆಯಲ್ಲಿ ದುಡಿಯುತ್ತಲೇ ಸಂಶೋಧನ ಸಂಸ್ಥೆಯಲ್ಲಿಯೂ ಕೆಲಸ ಮಾಡಿದ ಅವರು ಸಮಾಜಕಾರ್ಯ ವಿಷಯದಲ್ಲಿ ಡಾಕ್ಟರೇಟ್ ಪಡೆದರು. 2009ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಪತ್ರಿಕೆಯಲ್ಲಿ ಪಾರಂಪರಿಕ ಜ್ಞಾನ ಮತ್ತು ಸಂರಕ್ಷಣೆಯ ಸಂಬಂಧವನ್ನು ಕುರಿತು ಅವರ ಲೇಖನ ಪ್ರಕಟವಾಯಿತು. ಅನುಬಂಧದಲ್ಲಿ ಬರಬೇಕಾಗಿದ್ದ ಹೆಸರು ಇಲ್ಲಿ ಲೇಖಕನ ಸ್ಥಾನದಲ್ಲಿ ಬಂದಿತು.

4. ಅಧ್ಯಯನ ಮತ್ತು ನಿರ್ಧಾರ: ಮೆಂಢಾ ಗ್ರಾಮದ ‘ಅಭ್ಯಾಸ ಗಟ’

ಪದವಿ ಪಡೆದ ಒಬ್ಬಿಬ್ಬರಿಂದಲೇ ಸಮುದಾಯದ ನಾಯಕತ್ವ ಸಿದ್ಧಿಸುತ್ತದೆಯೆ? ಓದು ಬಾರದ ಬಹುಸಂಖ್ಯಾತರಿಗೆ ಸಂಶೋಧನೆಯಲ್ಲಿ ಸ್ಥಾನವೇನು? ಈ ಪ್ರಶ್ನೆಗಳಿಗೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಗ್ರಾಮದ ಅನುಭವ ಉಪಯುಕ್ತವಾಗಿದೆ. ಲೇಖಾ-ಮೆಂಢಾ ಎಂದು ಹೆಸರಾದ ಈ ಹಳ್ಳಿ ಗೊಂಡರದು. ಊರಿನ ಹಿರಿಯ ದೇವಾಜಿ ತೋಫಾ ಮತ್ತು ಸಾಮಾಜಿಕ ಕಾರ್ಯಕರ್ತ ಮೋಹನ್ ಹಿರಾಬಾಯಿ ಹಿರಾಲಾಲ್ ಅವರ ಹೆಸರುಗಳು ಇದರ ಪ್ರಯೋಗಗಳೊಡನೆ ಕೂಡಿಕೊಂಡಿವೆ.

ಇಲ್ಲಿ ರೂಪುಗೊಂಡ ‘ಅಭ್ಯಾಸ ಗಟ’ ಎಂಬ ವ್ಯವಸ್ಥೆ ಸರಳವಾದುದು. ಒಂದು ವಿಷಯವನ್ನು ಅರಿಯಬೇಕೆಂದು ಊರಿಗೆ ಅನ್ನಿಸಿದಾಗ ಆಸಕ್ತರು ಒಂದೆಡೆ ಸೇರಿ ಅದನ್ನು ಅಧ್ಯಯನ ಮಾಡುತ್ತಾರೆ. ಕಾನೂನಿನ ಒಂದು ಅಂಶವಿರಬಹುದು, ಕಾಡಿನ ಸ್ಥಿತಿ ಇರಬಹುದು, ಹುಳುಗಳಿಗೆ ಹಾನಿಯಾಗದಂತೆ ಜೇನು ತೆಗೆಯುವ ಬಗೆಯಿರಬಹುದು. ಅಗತ್ಯವಾದಾಗ ಹೊರಗಿನ ತಜ್ಞರನ್ನು ಕರೆಯುತ್ತಾರೆ. ತಜ್ಞರು ಬರುವುದು ಊರಿನ ಪ್ರಶ್ನೆಗೆ ಉತ್ತರಿಸಲು. ಈ ಗುಂಪಿಗೆ ತೀರ್ಮಾನ ಮಾಡುವ ಅಧಿಕಾರವಿಲ್ಲ. ತೀರ್ಮಾನ ಗ್ರಾಮಸಭೆಯದು, ಅದೂ ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ. ತಿಳಿದವರು ಆಳುವವರಾಗದಂತೆ, ಆಳುವವರು ತಿಳಿಯದೆ ನಿರ್ಧರಿಸದಂತೆ ಇದು ತಡೆಯುತ್ತದೆ.

ಈ ಅಭ್ಯಾಸದ ಫಲವನ್ನು ನಂತರದ ಘಟನೆಗಳಲ್ಲಿ ಕಾಣಬಹುದು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಮೆಂಢಾ ಗ್ರಾಮಕ್ಕೆ ಸಮುದಾಯ ಹಕ್ಕು ದೊರೆಯಿತು. ಬಿದಿರು ಕಿರು ಅರಣ್ಯ ಉತ್ಪನ್ನವೆಂದು ಕಾಯಿದೆ ಹೇಳಿದ್ದರೂ ಅದನ್ನು ಸಾಗಿಸುವ ಪರವಾನಗಿಗೆ ಊರವರು ಮತ್ತೆ ಹೋರಾಡಬೇಕಾಯಿತು. 2011ರ ಏಪ್ರಿಲ್‌ನಲ್ಲಿ ಸಾಗಣೆ ಪರವಾನಗಿ ನೀಡುವ ಅಧಿಕಾರ ಗ್ರಾಮಸಭೆಗೆ ಬಂದಿತು. ವರ್ಷಗಟ್ಟಲೆ ಕಾಯಿದೆಯನ್ನು ಕೂಡಿ ಓದಿದ ಊರಿಗೆ ತನ್ನ ಹಕ್ಕು ಯಾವ ವಾಕ್ಯದಲ್ಲಿದೆ ಎಂಬುದು ತಿಳಿದಿತ್ತು. ಪಿಎಚ್.ಡಿ. ಪದವಿಯಿಲ್ಲದೆಯೂ ಸಂಶೋಧನೆ ಸಾಧ್ಯವೆಂಬುದನ್ನು, ಒಬ್ಬನ ಪಾಂಡಿತ್ಯಕ್ಕಿಂತ ಊರಿನ ಜಿಜ್ಞಾಸೆ ದೀರ್ಘಕಾಲ ಉಳಿಯುತ್ತದೆಂಬುದನ್ನು ಮೆಂಢಾ ತೋರಿಸಿಕೊಟ್ಟಿದೆ.

5. ಸಂಸ್ಥೆಯ ಬಲ: ಮಾವೋರಿ ನಿದರ್ಶನ

ಸೋಲಿಗರಲ್ಲಿ ಕಂಡ ವಿದ್ವತ್ತನ್ನೂ ಮೆಂಢಾದಲ್ಲಿ ಕಂಡ ಸಾಮೂಹಿಕ ಜಿಜ್ಞಾಸೆಯನ್ನೂ ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಸಂಸ್ಥೆಗಳು ಬೇಕು. ಈ ವಿಷಯದಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನ ಬಹಳ ಮುಂದೆ ಸಾಗಿದ್ದಾರೆ. 1840ರಲ್ಲಿ ಬ್ರಿಟಿಷ್ ಪ್ರಭುತ್ವದೊಡನೆ ಆದ ವೈತಂಗಿ ಒಪ್ಪಂದದ ಉಲ್ಲಂಘನೆಗಳನ್ನು ವಿಚಾರಿಸಲು 1975ರಲ್ಲಿ ಒಂದು ನ್ಯಾಯಮಂಡಲಿ ಸ್ಥಾಪಿತವಾಯಿತು. 1985ರ ತಿದ್ದುಪಡಿಯಿಂದ 1840ರವರೆಗಿನ ಹಳೆಯ ಅನ್ಯಾಯಗಳನ್ನೂ ಅದರ ಮುಂದೆ ತರುವುದು ಸಾಧ್ಯವಾಯಿತು. ವಂಶಾವಳಿ, ನೆಲದ ಹೆಸರುಗಳು, ಹಳೆಯ ಭೂನ್ಯಾಯಾಲಯದ ಕಡತಗಳು ಏಕಾಏಕಿ ಬಹು ಮುಖ್ಯವಾದವು. ಅವುಗಳನ್ನು ಓದಬಲ್ಲ, ವಾದಿಸಬಲ್ಲ ಮಾವೋರಿ ಸಂಶೋಧಕರ ಅಗತ್ಯ ತೀವ್ರವಾಯಿತು. ಇದರ ಜೊತೆಗೆ 1982ರಲ್ಲಿ ಆರಂಭವಾದ ಶಿಶುವಿಹಾರಗಳ ಚಳವಳಿಯಲ್ಲಿ ಮಕ್ಕಳು ಅಜ್ಜ ಅಜ್ಜಿಯರಿಂದ ತಮ್ಮ ಭಾಷೆಯನ್ನು ಕಲಿಯತೊಡಗಿದ್ದರು. ಭಾಷೆಯ ಪುನರುಜ್ಜೀವನವೂ ಹಕ್ಕಿನ ಹೋರಾಟವೂ ಸಂಶೋಧನೆಯ ಬೇಡಿಕೆಯನ್ನು ಒಟ್ಟಿಗೆ ಹುಟ್ಟಿಸಿದುವು.

1999ರಲ್ಲಿ ಲಿಂಡಾ ತುಹಿವಾಯ್ ಸ್ಮಿತ್ ಅವರು ಸಂಶೋಧನ ವಿಧಾನಗಳ ವಸಾಹತುಶಾಹಿ ನೆಲೆಗಳನ್ನು ವಿಮರ್ಶಿಸುವ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ಸಂಶೋಧನೆ ಎಂಬ ಮಾತೇ ಮೂಲನಿವಾಸಿಗಳಲ್ಲಿ ಏಕೆ ಸಂಶಯವನ್ನು ಹುಟ್ಟಿಸುತ್ತದೆ ಎಂಬಲ್ಲಿಂದ ಹೊರಟ ಆ ಗ್ರಂಥ, ಸಂಶೋಧನೆಯನ್ನು ತ್ಯಜಿಸಬೇಕೆಂದು ಹೇಳದೆ ಅದನ್ನು ತಮ್ಮದಾಗಿಸಿಕೊಳ್ಳುವ ಮಾರ್ಗವನ್ನು ಚರ್ಚಿಸುತ್ತದೆ. 2002ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ‘ನ್ಗಾ ಪೆ ಓ ತೆ ಮಾರಮತಂಗ’ ಎಂಬ ಮಾವೋರಿ ಸಂಶೋಧನ ಕೇಂದ್ರಕ್ಕೆ ಸ್ಮಿತ್ ಅವರೂ ಆರಂಭದ ನಿರ್ದೇಶಕರಲ್ಲಿ ಒಬ್ಬರಾದರು. ಐದು ವರ್ಷಗಳಲ್ಲಿ ಪಿಎಚ್.ಡಿ. ಪಡೆದ ಅಥವಾ ಅದಕ್ಕಾಗಿ ನೋಂದಾಯಿಸಿಕೊಂಡ 500 ಮಾವೋರಿಗಳಿರಬೇಕೆಂಬ ಗುರಿಯನ್ನು ಗ್ರಹಾಂ ಹಿಂಗಾಂಗರೋವಾ ಸ್ಮಿತ್ ಮುಂದಿಟ್ಟರು.

ಈ ಸಂಖ್ಯೆಗಿಂತ ಅದಕ್ಕಾಗಿ ಅನುಸರಿಸಿದ ಕ್ರಮ ನಮಗೆ ಹೆಚ್ಚು ಬೋಧಪ್ರದ. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಒಂಟಿಯಾಗಿದ್ದ ಮಾವೋರಿ ವಿದ್ಯಾರ್ಥಿಗಳ ಬಳಗಗಳನ್ನು ಕಟ್ಟಲಾಯಿತು. ಅವರು ಕೂಡಿ ಕುಳಿತು ಬರೆಯುವ ಶಿಬಿರಗಳು ನಡೆದವು. ಹಿರಿಯ ಮಾವೋರಿ ವಿದ್ವಾಂಸರು ವಿಷಯ ಯಾವುದೇ ಇರಲಿ ಕಿರಿಯರ ಬೆನ್ನಿಗೆ ನಿಂತರು. ಬುಡಕಟ್ಟಿನ ವಿದ್ಯಾರ್ಥಿ ಬಹುಪಾಲು ಸಂದರ್ಭಗಳಲ್ಲಿ ಸಂಶೋಧನೆಯನ್ನು ಅರ್ಧಕ್ಕೆ ಬಿಡುವುದು ಬುದ್ಧಿಯ ಕೊರತೆಯಿಂದಲ್ಲ. ವಿಭಾಗದಲ್ಲಿ ತನ್ನ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವವರು ಯಾರೂ ಇಲ್ಲವೆಂಬ ಒಂಟಿತನದಿಂದ. ಬಳಗವನ್ನು ಕಟ್ಟುವುದು ಸಂಶೋಧನ ಶಿಕ್ಷಣದ ಹೊರಗಿನ ಕೆಲಸವಲ್ಲ, ಅದರ ಬುನಾದಿ ಎಂಬುದನ್ನು ಮಾವೋರಿಗಳು ಅರಿತಿದ್ದರು.

6. ಎರಡು ಎಚ್ಚರಿಕೆಗಳು

ಈ ದಾರಿಯಲ್ಲಿ ಎರಡು ಭ್ರಮೆಗಳಿಗೆ ಅವಕಾಶವಿದೆ. ಲಾಭದಲ್ಲಿ ಪಾಲು ಕೊಟ್ಟರೆ ಸಂಶೋಧನೆಯಲ್ಲಿ ಪಾಲು ಕೊಟ್ಟಂತೆ ಎಂಬುದು ಮೊದಲನೆಯದು. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರಿಂದ ‘ಆರೋಗ್ಯಪಚ್ಚ’ ಎಂಬ ಸಸ್ಯದ ಗುಣ 1987ರಲ್ಲಿ ವಿಜ್ಞಾನಿಗಳಿಗೆ ತಿಳಿಯಿತು. ಅದರ ಆಧಾರದ ಮೇಲೆ ಸಿದ್ಧವಾದ ‘ಜೀವನಿ’ ಎಂಬ ಔಷಧವನ್ನು ತಯಾರಿಸುವ ಪರವಾನಗಿಯನ್ನು 1995ರಲ್ಲಿ ಒಂದು ಔಷಧ ಸಂಸ್ಥೆಗೆ ನೀಡಲಾಯಿತು. ಪರವಾನಗಿ ಶುಲ್ಕದ ಮತ್ತು ಮಾರಾಟದ ಗೌರವಧನದ ಅರ್ಧಭಾಗ ಕಾಣಿಗಳಿಗೆ ಸಲ್ಲಬೇಕೆಂದು ನಿರ್ಧಾರವಾಗಿ, 1997ರಲ್ಲಿ ಅವರ ಟ್ರಸ್ಟ್ ನೋಂದಣಿಯಾಯಿತು. ಜ್ಞಾನದ ಒಡೆಯರಿಗೆ ಪ್ರತಿಫಲ ಸಲ್ಲಬೇಕೆಂಬ ತತ್ತ್ವವನ್ನು ಜಾರಿಗೆ ತಂದ ಮೊದಮೊದಲ ಪ್ರಯೋಗಗಳಲ್ಲಿ ಇದೊಂದು. ಇದರ ಮಹತ್ತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೂ ಇಲ್ಲಿ ಕಾಣಿಗಳಿಗೆ ದೊರೆತುದು ಫಲದ ಪಾಲು. ಆ ಸಸ್ಯದ ಬಗ್ಗೆ ಮುಂದೆ ಏನನ್ನು ಅಧ್ಯಯನ ಮಾಡಬೇಕು, ಏನನ್ನು ಮಾಡಬಾರದು ಎಂಬ ಪ್ರಶ್ನೆಯ ಪಾಲು ಬೇರೆಯೇ ಆದುದು. ಒಂದರಿಂದ ಇನ್ನೊಂದು ತಾನಾಗಿ ಒದಗುವುದಿಲ್ಲ.

ಸಮುದಾಯವೆಂದರೆ ಒಂದೇ ದನಿಯೆಂದು ತಿಳಿಯುವುದು ಎರಡನೆಯ ಭ್ರಮೆ. ಸಮುದಾಯದ ಒಳಗೂ ಹೆಣ್ಣು ಗಂಡು, ಹಿರಿಯ ಕಿರಿಯ, ಓದಿದವರು ಓದದವರು ಎಂಬ ಭೇದಗಳಿವೆ. ಗೆಡ್ಡೆಗೆಣಸು, ಸೊಪ್ಪು, ಹೆರಿಗೆಯ ಆರೈಕೆಗೆ ಸಂಬಂಧಿಸಿದ ತಿಳಿವಳಿಕೆಯ ಬಹುಭಾಗ ಹೆಂಗಸರ ಬಳಿ ಇರುತ್ತದೆ. ಯಂತ್ರ ಹಿಡಿದು ತಿರುಗುವ ತರಬೇತಿ ಮಾತ್ರ ಹುಡುಗರಿಗೆ ದೊರೆಯುತ್ತದೆ. ಒಳಗಿನ ಸಂಶೋಧಕನಿಗೆ ಹೊರಗಿನವನಿಗಿಲ್ಲದ ಒಂದು ಭಾರವೂ ಇದೆ. ಕುಲದ ಹೊರಗೆ ಹೇಳಬಾರದ ಸಂಗತಿಯನ್ನು ಪ್ರಕಟಿಸಿದರೆ ಹೊರಗಿನವನು ಊರು ಬಿಟ್ಟು ಹೋಗಬಹುದು, ಒಳಗಿನವನು ಆ ಊರಿನಲ್ಲಿಯೇ ಬಾಳಬೇಕು. 2017ರಲ್ಲಿ ದಕ್ಷಿಣ ಆಫ್ರಿಕದ ಸಾನ್ ಜನರು ತಮ್ಮನ್ನು ಕುರಿತು ನಡೆಯುವ ಸಂಶೋಧನೆಗಾಗಿ ತಾವೇ ಒಂದು ನೀತಿಸಂಹಿತೆಯನ್ನು ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಎಂಬ ಮೌಲ್ಯಗಳ ಜೊತೆಗೆ ಅನುಮತಿ ಪಡೆಯುವ ಕಾರ್ಯವಿಧಾನವನ್ನೂ ಅದು ಸೂಚಿಸುತ್ತದೆ. ಇಂಥ ಸಂಹಿತೆ ಹೊರಗಿನವರನ್ನು ನಿಯಂತ್ರಿಸುವುದಕ್ಕೆ ಮಾತ್ರವಲ್ಲ, ಒಳಗಿನ ಸಂಶೋಧಕರಿಗೆ ಆಸರೆಯಾಗುವುದಕ್ಕೂ ಬೇಕು.

7. ಹೊರನಾಡಿನ ಕನ್ನಡ ವಿಭಾಗಗಳ ಹೊಣೆ

ಕರ್ನಾಟಕದ ಹೊರಗಿರುವ ನಮ್ಮ ವಿಭಾಗಗಳಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಸೋಲಿಗರ ನೆಲೆ ರಾಜ್ಯದ ಗಡಿಯಲ್ಲಿ ಮುಗಿಯುವುದಿಲ್ಲ. ಬಿಳಿಗಿರಿ ಮತ್ತು ಮಾದೇಶ್ವರ ಬೆಟ್ಟಗಳಿಗೆ ಹೊಂದಿಕೊಂಡ ಸತ್ಯಮಂಗಲದ ಕಾಡುಗಳಲ್ಲಿಯೂ ಅವರಿದ್ದಾರೆ. ತಮಿಳುನಾಡಿನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಶೋಲಗ’ ಎಂಬ ಹೆಸರಿನಿಂದ ಅವರು ದಾಖಲಾಗಿದ್ದಾರೆ. ಕನ್ನಡಕ್ಕೆ ಹತ್ತಿರವಾದ ನುಡಿಯನ್ನು ಮನೆಯಲ್ಲಿ ಆಡುವ ಅಲ್ಲಿಯ ಮಕ್ಕಳು ಓದುವುದು ತಮಿಳಿನಲ್ಲಿ. ಗಡಿಯ ಎರಡೂ ಬದಿಯ ಯುವಜನರನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಕರ್ನಾಟಕದೊಳಗಿನ ವಿಭಾಗಗಳಿಗಿಂತ ಚೆನ್ನೈಯಂಥಲ್ಲಿಯ ಕನ್ನಡ ವಿಭಾಗವೇ ಹೆಚ್ಚು ಅನುಕೂಲವಾದ ಸ್ಥಾನದಲ್ಲಿದೆ. ಪುಣೆ, ಮುಂಬಯಿಗಳ ವಿದ್ಯಾರ್ಥಿಗಳಿಗೆ ಮೆಂಢಾದ ಮಾದರಿ ಮರಾಠಿಯ ಮೂಲಕ ನೇರವಾಗಿ ದೊರೆಯುತ್ತದೆ. ಹೈದರಾಬಾದಿನಲ್ಲಿ ಇನ್ನೊಂದು ಪಾಠವಿದೆ. ಆದಿಲಾಬಾದ್ ಜಿಲ್ಲೆಯ ಗುಂಜಾಲ ಗ್ರಾಮದಲ್ಲಿ ದೊರೆತ ಗೊಂಡಿ ಹಸ್ತಪ್ರತಿಗಳ ಅಧ್ಯಯನವನ್ನು ಹೈದರಾಬಾದ್ ವಿಶ್ವವಿದ್ಯಾಲಯದ ವಿದ್ವಾಂಸರು ಕೈಗೊಂಡಾಗ ಆ ಲಿಪಿಯನ್ನು ಓದಬಲ್ಲ ಹಿರಿಯರು ಊರಿನಲ್ಲಿಯೇ ಇದ್ದರು. ಅವರ ನೆರವಿನಿಂದ ಲಿಪಿ ಕಿರಿಯರಿಗೆ ತಲುಪಿತು, 2018ರಲ್ಲಿ ಯೂನಿಕೋಡ್ ವ್ಯವಸ್ಥೆಯಲ್ಲಿಯೂ ಸೇರ್ಪಡೆಯಾಯಿತು. ಹಸ್ತಪ್ರತಿಶಾಸ್ತ್ರದ ಶಿಕ್ಷಣವುಳ್ಳ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸದ ಸ್ವರೂಪವನ್ನು ಇದು ಸೂಚಿಸುತ್ತದೆ.

ಪ್ರಾಯೋಗಿಕವಾಗಿ ನಾಲ್ಕು ಸಂಗತಿಗಳನ್ನು ಇಲ್ಲಿ ಪ್ರಸ್ತಾಪಿಸಬಹುದು. ಮೊದಲನೆಯದಾಗಿ, ಬುಡಕಟ್ಟುಗಳನ್ನು ಕುರಿತ ಸಂಶೋಧನೆಯ ರೂಪರೇಖೆಯನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಮೊದಲೇ ಸಮುದಾಯದ ಸಭೆಯಲ್ಲಿ ಓದಿ, ಅಲ್ಲಿ ಹುಟ್ಟಿದ ಪ್ರಶ್ನೆಗಳಿಗೆ ಅದರಲ್ಲಿ ಸ್ಥಾನ ಕೊಡುವುದು. ಎರಡನೆಯದಾಗಿ, ಧ್ವನಿಮುದ್ರಣ ಮತ್ತು ಲಿಪ್ಯಂತರದ ಜೊತೆಗೆ ಸರಕಾರಿ ಕಡತವನ್ನು ಓದುವುದು, ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು, ನಕ್ಷೆ ತಯಾರಿಸುವುದು, ಲೇಖನವನ್ನು ಸ್ವತಂತ್ರವಾಗಿ ರಚಿಸುವುದು ಇವನ್ನೂ ಸಮುದಾಯದ ಹುಡುಗ ಹುಡುಗಿಯರಿಗೆ ಕಲಿಸುವುದು. ಮೂರನೆಯದಾಗಿ, ಮುದ್ರಿಸಿಕೊಂಡ ಹಾಡು, ಕಥೆ, ಚಿತ್ರಗಳ ಪ್ರತಿಗಳನ್ನು ಅವರು ಬಳಸಬಲ್ಲ ರೂಪದಲ್ಲಿ ಊರಿಗೆ ಹಿಂದಿರುಗಿಸಿ, ಮುಂದಿನ ಬಳಕೆಗೆ ಅವರ ಅನುಮತಿಯನ್ನು ಕಡ್ಡಾಯ ಮಾಡುವುದು. ನಾಲ್ಕನೆಯದಾಗಿ, ಪಠ್ಯದ ವಿವರಣೆಯಲ್ಲಿ ಬೌದ್ಧಿಕವಾಗಿ ಪಾಲ್ಗೊಂಡ ವಕ್ತೃಗಳ ಹೆಸರನ್ನು ಅನುಬಂಧದಿಂದ ಎತ್ತಿ ಸಹಲೇಖಕರ ಸ್ಥಾನದಲ್ಲಿ ಇಡುವುದು. ಇವುಗಳಲ್ಲಿ ಯಾವುದಕ್ಕೂ ಅಪಾರ ಅನುದಾನ ಬೇಕಿಲ್ಲ. ಬೇಕಾದುದು ವಿಭಾಗದ ಸಂಕಲ್ಪ.

ಹೊರಗಿನ ಸಂಶೋಧಕರಿಗೆ ಇನ್ನು ಕೆಲಸವಿಲ್ಲವೆಂದು ಇದರ ಅರ್ಥವಲ್ಲ. ಸೋಲಿಗರಿಗೆ ಪರಿಸರ ವಿಜ್ಞಾನಿಗಳ ಸಾಹಚರ್ಯ ದೊರೆಯದಿದ್ದರೆ ತರಗು ಬೆಂಕಿಯ ಮಾತು ವಿದ್ವತ್ಪತ್ರಿಕೆಗಳವರೆಗೆ ಬರುತ್ತಿರಲಿಲ್ಲ. ಆದರೆ ಜೊತೆಗೂಡುವುದಕ್ಕೂ ಮುನ್ನಡೆಸುವುದಕ್ಕೂ ಅಂತರವಿದೆ. 25 ಗ್ರಾಮಸಭೆಗಳಿಗೆ ಹಕ್ಕುಪತ್ರ ದೊರೆತ ಮೇಲೆ ಆ ಕಾಡನ್ನು ಹೇಗೆ ನೋಡಿಕೊಳ್ಳಬೇಕು, ಲಂಟಾನವನ್ನು ಏನು ಮಾಡಬೇಕು, ಎಲ್ಲಿ ಎಷ್ಟು ಕೊಯ್ಲು ಮಾಡಬೇಕು ಎಂಬ ಪ್ರಶ್ನೆಗಳು ವರ್ಷ ವರ್ಷವೂ ಏಳುತ್ತವೆ. ಆ ಪ್ರಶ್ನೆಗಳಿಗೆ ಬೇಕಾದ ದಾಖಲೆಯನ್ನು ಪೋಡುಗಳ ಒಳಗಿನವರು ತಾವೇ ಇಡಲಾರದೆ ಹೋದರೆ, ಕಾಗದದ ಮೇಲೆ ದೊರೆತ ಹಕ್ಕು ಬೇರೆಯವರ ಅಂಕಿಅಂಶಗಳ ಎದುರಿಗೆ ದುರ್ಬಲವಾಗುತ್ತದೆ. ಇಂಥ ದಾಖಲೆಗಾರರನ್ನು, ಪ್ರಶ್ನೆ ಕೇಳುವವರನ್ನು ತಯಾರು ಮಾಡುವಲ್ಲಿ ನಮ್ಮ ವಿಭಾಗಗಳು ಎಷ್ಟರಮಟ್ಟಿಗೆ ನೆರವಾದವು ಎಂಬುದೇ ಈ ಕ್ಷೇತ್ರದಲ್ಲಿ ನಮ್ಮ ಸಂಶೋಧನೆಯ ಯೋಗ್ಯತೆಯನ್ನು ಅಳೆಯುವ ಮಾನದಂಡವಾಗಬೇಕು.